ಜೋಳದ ಸಾಲು ಸರಿದ ಮೇಲೆ

1997ರ ಕೊನೆಯ ತಿಂಗಳುಗಳಲ್ಲಿ ಕಲಬುರಗಿ, ಬೀದರ ಜಿಲ್ಲೆಗಳ ತೊಗರಿ ಹೂವಿಗೆ ಬಂದು ನಿಂತಿತ್ತು. ಹೂ ಕಾಯಾಗುವ ಹೊತ್ತಿಗೆ ಅಕಾಲದ ಮಳೆ ಹಿಡಿಯಿತು. ಮಳೆ ಬಿಟ್ಟರೂ ಮೋಡ ಬಿಡಲಿಲ್ಲ. ಹಿಂದೆಯೇ ಕಾಯಿಕೊರಕ ಬಂತು. ಈ ಭಾಗದವರು ಹಸಿರು ಕೀಡಿ ಎನ್ನುವ ಆ ಹುಳು ತಲೆಯನ್ನಷ್ಟೇ ಕಾಯಿಯೊಳಗೆ ತೂರಿಸಿ ಕಾಳು ತಿನ್ನುತ್ತದೆ. ಒಂದು ಕಾಯಿ ಬರಿದಾದರೆ ಮಗ್ಗುಲಿನದಕ್ಕೆ ಹೋಗುತ್ತದೆ. ರೈತರು ಎಣ್ಣಿ ಹೊಡೆದರು. ವಾರ ಬಿಟ್ಟು ಮತ್ತೆ ಹೊಡೆದರು. ಅಂಗಡಿಯಲ್ಲಿ ಉದ್ರಿ ಬರೆಸಿ ಬೇರೆ ಡಬ್ಬಿ ತಂದರು, ಎರಡು ಮೂರು ಔಷಧ ಕೂಡಿಸಿ ಹೊಡೆದರು. ಕೀಡಿ ಸಾಯಲಿಲ್ಲ. ಪೈರೆಥ್ರಾಯ್ಡ್ ಜಾತಿಯ ಔಷಧಗಳಿಗೆ ಇದೇ ಕೀಡಿ ಜಗ್ಗುತ್ತಿಲ್ಲ ಎಂಬುದು 1987ರಲ್ಲೇ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಗೊತ್ತಾಗಿತ್ತು. ಹತ್ತು ವರ್ಷ ಕಳೆದರೂ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ರೈತ ಅದೇ ಡಬ್ಬಿಗಳನ್ನೇ ನಂಬಿಕೊಂಡಿದ್ದ.

ಆ ಸುಗ್ಗಿಯಲ್ಲಿ ಎಷ್ಟೋ ಹೊಲಗಳಿಂದ ಕಣಕ್ಕೆ ಬಂದದ್ದು ಬರೀ ಕಟಗಿ. 1998ರಲ್ಲಿ ಬೀದರ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ರೈತರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೆ ಒಂದು ಬರತೊಡಗಿತು. ಕರ್ನಾಟಕ ಇಂಥ ಸಾವುಗಳನ್ನು ಸಾಲಾಗಿ ಕಂಡದ್ದು ಆಗಲೇ. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಬೀದರದ ಈ ಸಂಕಟವನ್ನು ಅಧ್ಯಯನ ಮಾಡಿ 1999ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದರು. ಮಾರುಕಟ್ಟೆ ಮತ್ತು ಸರ್ಕಾರ ಎರಡರ ನಡುವೆ ಸಿಕ್ಕು, ಊರಿನ ಕೂಡು ತಿಳಿವಳಿಕೆಯಿಂದಲೂ ದೂರವಾಗಿ ಒಬ್ಬಂಟಿಯಾದ ಸಣ್ಣ ರೈತ ಆ ಬರಹದಲ್ಲಿ ಕಾಣುತ್ತಾನೆ.

ಆ ವರ್ಷವನ್ನು ಮಳೆಯ ಕತೆಯಾಗಿ ಹೇಳುವವರಿದ್ದಾರೆ, ಸಾಲದ ಕತೆಯಾಗಿ ಹೇಳುವವರೂ ಇದ್ದಾರೆ. ಎರಡೂ ನಿಜವೇ. ಅದಕ್ಕೂ ಹಿಂದಿನ ಇನ್ನೊಂದು ಕತೆ ಹೊಲದ ಸಾಲುಗಳಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಒಬ್ಬಂಟಿಯಾದದ್ದು ರೈತ ಮಾತ್ರವಲ್ಲ, ಅವನ ಬೆಳೆಯೂ ಆಗಿತ್ತು. ಈ ನೆಲದಲ್ಲಿ ತೊಗರಿ ಬಹುಕಾಲ ಒಂಟಿಯಾಗಿ ನಿಂತು ಬೆಳೆದದ್ದಿಲ್ಲ. ಅದರ ಮಗ್ಗುಲಿನ ಬೆಳೆಗಳು ಒಂದೊಂದಾಗಿ ಸರಿದು ಹೋಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಕತೆ ನಡೆದ ಸೀಮೆಯನ್ನು ತೆಂಗಳಿಯಲ್ಲಿ ನಿಂತು ನೋಡೋಣ. ಅದು ಇಂದು ಕಾಳಗಿ ತಾಲ್ಲೂಕಿನ ಊರು, ಮೊದಲು ಚಿತ್ತಾಪುರ ತಾಲ್ಲೂಕಿಗೆ ಸೇರಿತ್ತು. ತೆಂಕಣಕ್ಕೆ ಚಿತ್ತಾಪುರ, ವಾಡಿ, ಶಹಾಬಾದ. ಮೂಡಣಕ್ಕೆ ಸೇಡಂ, ಚಿಂಚೋಳಿ. ಈ ಸೀಮೆಯಲ್ಲಿ ಕಾಗಿಣಾ ಹರಿಯುತ್ತದೆ, ಬೆಣ್ಣೆತೊರೆ ಅದನ್ನು ಕೂಡಿಕೊಳ್ಳುತ್ತದೆ. ಕಾಗಿಣೆಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೆಲದಡಿ ಪದರ ಪದರವಾಗಿ ಸುಣ್ಣದ ಕಲ್ಲು, ಮೇಲೆ ಬಿರುಕು ಬಿಡುವ ಕರಿ ಮಣ್ಣು. ಚಿಂಚೋಳಿಯ ಎತ್ತರಕ್ಕೆ ಹೋದಂತೆ ಕೆಂಪು ನೆಲ, ಕಾಡು. ಇಲ್ಲಿಯ ತೊಗರಿಬೇಳೆಗೆ ರುಚಿ, ಬೇಗ ಬೇಯುವ ಗುಣ ಬಂದದ್ದು ಈ ಮಣ್ಣಿನ ಸುಣ್ಣ ಮತ್ತು ಪೊಟ್ಯಾಷಿನಿಂದ ಎನ್ನುತ್ತಾರೆ. ಅದೇ ಕಲ್ಲನ್ನು ಒಡೆದು ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಸಿಮೆಂಟು ಮಾಡುತ್ತವೆ. ನೀರಾವರಿ ಕಡಿಮೆ. ಹೇರೂರಿನ ಬೆಣ್ಣೆತೊರೆ ಅಣೆ, ಚಿಂಚೋಳಿಯ ಚಂದ್ರಂಪಳ್ಳಿ ಕೆರೆ ಬಿಟ್ಟರೆ ಬಹುತೇಕ ಹೊಲಗಳು ಮಳೆಯನ್ನೇ ನಂಬಿವೆ. ಆ ಮಳೆಗೂ ಗೊತ್ತುಗುರಿಯಿಲ್ಲ. ಮಿರಗದಲ್ಲಿ ಸುರಿದು ಆಷಾಢದಲ್ಲಿ ಕೈಕೊಡಬಹುದು, ಇಲ್ಲವೆ ಎಲ್ಲ ಮುಗಿದ ಮೇಲೆ ಹುಬ್ಬೆ, ಉತ್ತರೆಯಲ್ಲಿ ಬಂದು ಹೊಲ ಕೆಸರು ಮಾಡಬಹುದು.

ಇಂಥ ಮಳೆಯನ್ನು ನೂರಾರು ವರ್ಷ ಉಂಡ ಜನ ಕಟ್ಟಿಕೊಂಡ ಉಪಾಯವೇ ಅಕ್ಕಡಿ. ಮುಂಗಾರಿ ಜೋಳ ಇಲ್ಲವೆ ಸಜ್ಜೆಯ ಕೆಲವು ಸಾಲಿಗೆ ಒಂದು ಸಾಲು ತೊಗರಿ. ಎತ್ತು ಎಳೆಯುವ ಕೂರಿಗಿಯ ತಾಳುಗಳಲ್ಲಿ ಜೋಳ ಇಳಿಯುತ್ತಿದ್ದರೆ, ಹಿಂದೆ ನಡೆಯುವ ಹೆಣ್ಣುಮಗಳು ಉಡಿಯಲ್ಲಿ ಕಟ್ಟಿಕೊಂಡ ಕಾಳನ್ನು ಬೇರೊಂದು ಬಿದಿರ ಕೊಳವೆಯಿಂದ ಬಿಡುತ್ತ ಬರುತ್ತಿದ್ದಳು. ತೊಗರಿಯ ಜೊತೆ ಆ ಉಡಿಯಲ್ಲಿ ಮಡಕಿ, ಅಲಸಂದಿ, ಎಳ್ಳು, ಪುಂಡಿಬೀಜ ಏನೇನೋ ಇರುತ್ತಿತ್ತು. ಯಾವ ಕಾಳು, ಎಷ್ಟು, ಯಾವ ಮೂಲೆಗೆ ಎಂಬುದು ಅವಳ ತೀರ್ಮಾನ. ಜೋಳ ನಾಲ್ಕು ತಿಂಗಳೊಳಗೆ ತೆನೆ ಕೊಟ್ಟು ಹೋಗುತ್ತದೆ. ತೊಗರಿ ಮೊದಲೆರಡು ತಿಂಗಳು ಮೆಲ್ಲಗೆ ಬೆಳೆಯುತ್ತ ಬೇರನ್ನು ಆಳಕ್ಕೆ ಬಿಡುತ್ತದೆ, ಜೋಳ ಕೊಯ್ದು ಬಯಲಾದ ಮೇಲೆ ಟೊಂಗೆ ಚಾಚಿ ಹೂ ಹಿಡಿಯುತ್ತದೆ. ಮೊದಲ ಮಳೆ ಕೆಟ್ಟರೆ ತೊಗರಿ ಕೈ ಹಿಡಿಯುತ್ತದೆ, ಕೊನೆಯ ಮಳೆ ಕೆಟ್ಟರೆ ಜೋಳ ಹಗೇವಿನಲ್ಲಿ ಇರುತ್ತದೆ. ಜೋಳದ ಕಣಿಕಿ ದನಕ್ಕೆ, ತೊಗರಿ ಕಟಗಿ ಒಲೆಗೂ ಗುಡಿಸಲ ತಟ್ಟಿಗೂ ಬುಟ್ಟಿಗೂ. ಉದುರಿದ ತೊಗರಿ ಎಲೆ ಹೊಲಕ್ಕೇ ಗೊಬ್ಬರ. ಹಿಂಗಾರಿಗೆ ಬಿಟ್ಟ ಹೊಲದಲ್ಲೂ ಇದೇ ಪದ್ಧತಿ: ಬಿಳಿ ಜೋಳದ ನಡುವೆ ಕುಸುಬಿ, ಕಡಲೆಯ ನಡುವೆ ಅಗಸಿ. ಹೊಲದ ಸುತ್ತ ಹಾಕಿದ ಮುಳ್ಳು ಕುಸುಬಿ ದನ ನುಗ್ಗದಂತೆ ತಡೆದು ಎಣ್ಣೆಯನ್ನೂ ಕೊಡುತ್ತಿತ್ತು.

ಹೊಲ ಮುಗಿದಲ್ಲಿ ಹಿತ್ತಲು ಸುರುವಾಗುತ್ತಿತ್ತು ಎನ್ನುವುದಕ್ಕಿಂತ ಎರಡಕ್ಕೂ ನಡುವೆ ಗೆರೆಯೇ ಇರಲಿಲ್ಲ ಎನ್ನಬೇಕು. ಬಚ್ಚಲ ನೀರು ಹರಿಯುವ ಕಡೆ ಬದನಿ, ಚವಳಿ, ಗೋಡೆಯ ಮೇಲೆ ಹಬ್ಬಿದ ಹೀರಿ, ತಿಪ್ಪೆಯ ಮಗ್ಗುಲಲ್ಲಿ ಕುಂಬಳ. ಹೊಲದಿಂದ ಬರುವಾಗ ಸೆರಗಿನಲ್ಲಿ ಪುಂಡಿ, ಬದುವಿನ ಮೇಲೆ ತಾನಾಗಿ ಎದ್ದ ರಾಜಗಿರಿ, ಕಿರಕಸಾಲಿ, ಗೋಣಿ ಪಲ್ಲೆ. ಯಾರೂ ಬಿತ್ತದ ಈ ಪಲ್ಲೆಗಳಿಗೆ ಬೆಲೆಯಿರಲಿಲ್ಲ, ಆದ್ದರಿಂದ ಲೆಕ್ಕವೂ ಇರಲಿಲ್ಲ. ಆದರೆ ಬಡವರ ಮನೆಯ ರೊಟ್ಟಿಯ ಮೇಲೆ ಹೆಚ್ಚು ದಿನ ಕಂಡದ್ದು ಅವೇ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಕಲಬುರಗಿ, ಬೀದರ ಕಡೆಯ ಮನೆಮನೆಯಲ್ಲೂ ಭಜ್ಜಿ ಆಗಬೇಕು. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಮೆಂತ್ಯ, ಹುಣಸೆ, ಗಜ್ಜರಿ, ಕೈಗೆ ಸಿಕ್ಕ ಸೊಪ್ಪೆಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತವೆ, ಜೊತೆಗೆ ಸಜ್ಜಿ ರೊಟ್ಟಿ, ಸಜ್ಜಿ ಕಡುಬು. ಅಕ್ಕಡಿ ಹೊಲದಲ್ಲಿ ಏನೇನು ಬೆಳೆಯುತ್ತಿತ್ತು ಎಂಬುದಕ್ಕೆ ಯಾವ ಕಂದಾಯದ ದಫ್ತರಕ್ಕಿಂತಲೂ ಚೊಕ್ಕ ದಾಖಲೆ ಆ ಭಜ್ಜಿ.

ಇದನ್ನು ಸುಖದ ಕಾಲ ಎಂದು ಹೇಳಿದರೆ ಸುಳ್ಳಾದೀತು. ಭೂಮಿ ಕೆಲವರ ಕೈಯಲ್ಲಿತ್ತು. ಉಡಿ ಕಟ್ಟಿ ಬಿತ್ತಿದವಳು, ಬಗ್ಗಿ ಕಳೆ ತೆಗೆದವಳು, ಜೋಳವನ್ನು ಬೇರುಸಹಿತ ಕಿತ್ತವಳು ಬಹಳ ಸಲ ಆ ಹೊಲದ ಒಡತಿಯಾಗಿರಲಿಲ್ಲ. ಸಂಜೆಗೆ ಸೇರು ಕಾಳಿನ ಕೂಲಿ ಪಡೆದು ಕೇರಿಗೆ ಮರಳುವವಳಾಗಿದ್ದಳು. ಮುಂದೆ ಅಕ್ಕಡಿ ಬಿಟ್ಟುಹೋದಾಗ ಆ ಶ್ರಮ ಇಳಿಯಿತೆಂದು ನಿಟ್ಟುಸಿರು ಬಿಟ್ಟವರಲ್ಲಿ ಹೆಂಗಸರೂ ಇದ್ದರು. ಆ ನಿಟ್ಟುಸಿರನ್ನು ಕಡೆಗಣಿಸಿ ಈ ಚರಿತ್ರೆ ಬರೆಯಲಾಗದು.

ಮೊದಲ ಅಲುಗಾಟ ಬಂದದ್ದು ರೈಲಿನಿಂದ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರ ಹೊತ್ತಿಗೆ ಕಲಬುರಗಿ, ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತು. ನಿಜಾಮ ಸರ್ಕಾರ ವಾಡಿಯಿಂದ ಹೈದರಾಬಾದಿಗೆ ತನ್ನದೇ ಹಳಿ ಹಾಕಿಸಿತು. 1874ರ ಅಕ್ಟೋಬರಿನಲ್ಲಿ ಆ ದಾರಿ ತೆರೆದಾಗ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸ್ಟೇಷನ್ನುಗಳಾದವು. ಅಲ್ಲಿಯವರೆಗೆ ಈ ಸೀಮೆಯ ಕಾಳು, ಉಪ್ಪು ಸಾಗುತ್ತಿದ್ದದ್ದು ಲಂಬಾಣಿಗಳ ಎತ್ತಿನ ಹಿಂಡಿನ ಮೇಲೆ. ರೈಲು ಬಂದ ಮೇಲೆ ಆ ಕಸುಬು ಕುಸಿಯಿತು. ಚಿಂಚೋಳಿ, ಸೇಡಂ, ಚಿತ್ತಾಪುರದ ಸುತ್ತ ಇಂದು ಕಾಣುವ ತಾಂಡಾಗಳ ಹಿಂದೆ ಆ ಕುಸಿತದ ನೆನಪೂ ಇದೆ. ಹತ್ತಿ, ಅಗಸಿ, ಎಳ್ಳು ಮುಂಬಯಿಯ ಹಡಗುಕಟ್ಟೆಯ ಬೆಲೆಗೆ ಕಟ್ಟುಬಿದ್ದವು. ಹಳಿ ಹಾಕಿ ಎರಡೇ ವರ್ಷಕ್ಕೆ, 1876ರಿಂದ 1878ರವರೆಗೆ, ದಖ್ಖನ್ನಿನ ಮಹಾ ಬರ ಕಲಬುರಗಿಯನ್ನೂ ಹಿಡಿಯಿತು. ಕಾಳು ತರಬಲ್ಲ ರೈಲು, ಬೆಲೆ ಹೆಚ್ಚಿದ ಕಡೆಗೆ ಕಾಳನ್ನು ಒಯ್ಯಲೂ ಬಲ್ಲದು ಎಂಬುದನ್ನು ದಖ್ಖನ್ನಿನ ಜನ ಆಗ ಕಂಡರು.

ಆದರೂ ಅಕ್ಕಡಿ ಉಳಿಯಿತು. ತಿನ್ನುವ ಜೋಳವನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ನಿಜಾಮ ಸರ್ಕಾರ ಲೆವಿ ಹಾಕಿ ಹಗೇವಿನ ಕಾಳನ್ನು ಅಳೆದುಕೊಂಡು ಹೋಯಿತು. 1948ರಲ್ಲಿ ಆ ಆಳಿಕೆ ಮುಗಿಯಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಷ್ಟರಲ್ಲಿ ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲೇ ಎಸಿಸಿ ಎಂಬ ದೊಡ್ಡ ಕಂಪನಿಯೊಳಗೆ ಸೇರಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನವು ಬಂದವು. ಸಂಬಳದ ಕೆಲಸ ಹೊಲದಿಂದ ಕೈಗಳನ್ನು ಎಳೆದುಕೊಂಡಿತು, ಎತ್ತು ಕಟ್ಟುವ ಮನೆಗಳು ಕಡಿಮೆಯಾದವು.

1964ರಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ಕಾಳು ಹೆಚ್ಚು, ಕಣಿಕಿ ಗಿಡ್ಡ. ತೆನೆ ಬಲಿಯುವ ಹೊತ್ತಿಗೆ ಮಳೆ ಹೊಡೆದರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತಿತ್ತು. ರೊಟ್ಟಿಗೆ ರುಚಿಯಿಲ್ಲ, ಪ್ಯಾಟಿಯಲ್ಲಿ ಬೆಲೆಯಿಲ್ಲ. ಹಿಂಗಾರಿಯಲ್ಲಿ ಸೊಲ್ಲಾಪುರದ ಮಾಲದಂಡಿ ಜೋಳವನ್ನು ಜನ ಬಿಡಲಿಲ್ಲ; ಕೈಬಿಟ್ಟದ್ದು ಮುಂಗಾರಿ ಜೋಳವನ್ನು. ತೊಗರಿಯ ಜೊತೆಗಾರ ಅದೇ ಆಗಿತ್ತು.

1972 ಈ ಕತೆಯಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷದ ಬರ ಇಡೀ ದಖ್ಖನ್ನನ್ನು ಸುಟ್ಟಿತು. ದನಗಳು ಸತ್ತವು, ಜನ ಕಲ್ಲು ಒಡೆಯುವ ಬರಗಾಲದ ಕಾಮಗಾರಿಗೆ ನಿಂತರು. ಅದೇ ವರ್ಷ ಹೈದರಾಬಾದಿನ ಹತ್ತಿರ, ಬೀದರ, ಚಿಂಚೋಳಿಯಿಂದ ಬಸ್ಸಿನ ದಾರಿಯಲ್ಲೇ ಸಿಗುವ ಪಟಾನ್‌ಚೆರುವಿನಲ್ಲಿ, ಒಣ ಭೂಮಿಯ ಬೆಳೆಗಳಿಗೆಂದೇ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಹುಟ್ಟಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅದರ ಬೆಳೆಗಳು. ನಮ್ಮ ಹೊಲದ್ದೇ ಬೆಳೆಗಳನ್ನು ಜಗತ್ತಿನ ವಿಜ್ಞಾನಿಗಳು ಮೊದಲ ಸಲ ಒಟ್ಟಾಗಿ ಕೂತು ನೋಡತೊಡಗಿದರು.

ಅಲ್ಲಿ ಅವರಿಗೆ ಕಂಡದ್ದೇನು? 1980ರಲ್ಲಿ ಎಂ.ಆರ್. ರಾವ್ ಮತ್ತು ಆರ್.ಡಬ್ಲ್ಯು. ವಿಲ್ಲಿ ಎಂಬ ಇಬ್ಬರು ವಿಜ್ಞಾನಿಗಳು ಜೋಳ-ತೊಗರಿ ಕೂಡಿ ಬಿತ್ತಿದ 94 ಪ್ರಯೋಗಗಳ ಲೆಕ್ಕ ತೆಗೆದರು. ಇಷ್ಟಕ್ಕಿಂತ ಕಡಿಮೆ ಬಂದರೆ ರೈತನಿಗೆ ಹಾನಿ ಎಂದು ಆದಾಯದ ಒಂದು ಗೆರೆ ಹಾಕಿಕೊಂಡು ನೋಡಿದಾಗ, ತೊಗರಿಯೊಂದನ್ನೇ ಬಿತ್ತಿದರೆ ಐದು ವರ್ಷಕ್ಕೊಮ್ಮೆ ಹಾನಿ, ಜೋಳವೊಂದನ್ನೇ ಬಿತ್ತಿದರೆ ಎಂಟು ವರ್ಷಕ್ಕೊಮ್ಮೆ, ಎರಡನ್ನೂ ಕೂಡಿ ಬಿತ್ತಿದರೆ ಮೂವತ್ತಾರು ವರ್ಷಕ್ಕೊಮ್ಮೆ. ಒಂದು ತಲೆಮಾರಿನ ರೈತನಿಗೆ ಬದುಕಿನಲ್ಲಿ ಒಂದೇ ಸಲ ಬರುವ ಹಾನಿ ಅದು. ಕೂರಿಗಿಯ ಹಿಂದೆ ನಡೆದ ಹೆಂಗಸರ ಲೆಕ್ಕ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ನನಗೆ ಬೇರೆ ಕಂಡಿಲ್ಲ.

ಅವರಿಗೆ ಕಂಡ ಎರಡನೆಯ ಸಂಗತಿ ನೆಟೆ ರೋಗದ್ದು. ನೆಟ್ಟಗೆ ನಿಂತ ಗಿಡ ಹೂವಿನ ಹೊತ್ತಿಗೆ ಜೋತುಬಿದ್ದು ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಇದಕ್ಕೆ ಕಾರಣ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಒಂದು ಶಿಲೀಂಧ್ರ. 1910ರಲ್ಲೇ ಎಡ್ವಿನ್ ಬಟ್ಲರ್ ಎಂಬ ಸಸ್ಯರೋಗ ತಜ್ಞ ಈ ರೋಗವನ್ನು ವಿವರವಾಗಿ ಬರೆದಿದ್ದ. 1985ರಲ್ಲಿ ಪ್ರಕಟವಾದ ಇಕ್ರಿಸ್ಯಾಟಿನ ಅಧ್ಯಯನವೊಂದು ಇನ್ನೊಂದು ಸಂಗತಿ ತೋರಿಸಿತು: ಜೋಳದ ಜೊತೆ ನಿಂತ ತೊಗರಿಗೆ ನೆಟೆ ಬಹಳ ಕಡಿಮೆ ತಗಲುತ್ತದೆ, ನಡುವೆ ಒಂದು ವರ್ಷ ಹೊಲವನ್ನು ಜೋಳಕ್ಕೆ ಬಿಟ್ಟರೂ ಅದು ಇಳಿಯುತ್ತದೆ. 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನದ ಪ್ರಕಾರ, ಕೆಂಪು ಮಣ್ಣಿನಲ್ಲಿ ಕಬ್ಬಿಣದ ಜೊತೆ ಗಂಟುಬಿದ್ದ ರಂಜಕವನ್ನು ತೊಗರಿಯ ಬೇರು ಒಂದು ಆಮ್ಲ ಸುರಿಸಿ ಬಿಡಿಸಿಕೊಳ್ಳುತ್ತದೆ. ಮುಂದಿನ ಬೆಳೆಗೂ ಅದರ ಲಾಭ. ಚಿಂಚೋಳಿಯ ಕೆಂಪು ನೆಲದವರಿಗೆ ಇದು ಬೇಕಾದ ಮಾತು.

ಈ ತಿಳಿವಳಿಕೆ ಪತ್ರಿಕೆಗಳ ಪುಟದಲ್ಲಿ ಕೂತಿದ್ದಾಗಲೇ ಹೊಲಕ್ಕೆ ಬಂದದ್ದು ಇನ್ನೊಂದು. ನೆಟೆಯನ್ನು ತಾಳಿಕೊಳ್ಳುವ ಐಸಿಪಿ 8863 ಎಂಬ ತಳಿಯನ್ನು ಇಕ್ರಿಸ್ಯಾಟ್ ಆಯ್ದು ತೆಗೆಯಿತು. 1986ರಲ್ಲಿ ಕರ್ನಾಟಕದಲ್ಲಿ ಅದು ‘ಮಾರುತಿ’ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಅದರ ಉಪಕಾರ ದೊಡ್ಡದು. ನೆಟೆಗೆ ಹೊಲಕ್ಕೆ ಹೊಲವೇ ಕಳೆದುಕೊಂಡಿದ್ದ ಮನೆಗಳಿಗೆ ಅದು ಬೆಳೆ ಕೊಟ್ಟಿತು. ಮಣ್ಣಿನ ಗೋಡೆಯ ಮನೆ ಶಹಾಬಾದಿ ಕಲ್ಲಿನದಾದದ್ದು, ಮಗಳ ಮದುವೆ, ಮಗನ ಕಾಲೇಜು ಆದದ್ದು ತೊಗರಿಯ ದುಡ್ಡಿನಿಂದ. 1990ರ ದಶಕದ ಆರಂಭಕ್ಕೆ ಉತ್ತರ ಕರ್ನಾಟಕದ ತೊಗರಿ ಸೀಮೆಯ ಅರ್ಧಕ್ಕಿಂತ ಹೆಚ್ಚು ಹೊಲ ಮಾರುತಿಗೆ ಬಂದಿತ್ತು. ಗುಳ್ಯಾಳದಂಥ ಊರ ತಳಿಗಳು ಮೂಲೆಗೆ ಸರಿದವು.

ಜೋಳ ನೆಟೆಯನ್ನು ತಡೆಯುತ್ತಿತ್ತು. ಈಗ ಬೀಜವೇ ತಡೆಯುವಂತಾದ ಮೇಲೆ ಜೋಳದ ಸಾಲಿಗೆ ಜಾಗ ಕೊಡಲು ಕಾರಣವೊಂದು ಕಡಿಮೆಯಾಯಿತು. ದನ ಇಳಿದಿದ್ದರಿಂದ ಕಣಿಕಿ ಬೇಡವಾಯಿತು. ಹಕ್ಕಿ ಕಾಯಲು ಕೂಸುಗಳು ಸಿಗಲಿಲ್ಲ, ಅವು ಶಾಲೆಗೆ ಹೋಗುತ್ತಿದ್ದವು, ಹೋಗಲೇಬೇಕಿತ್ತು. ರೇಷನ್ ಅಂಗಡಿಯ ಅಕ್ಕಿ ಅಗ್ಗವಾಗಿ ಊರಿಗೇ ಬಂತು, ಮುಂದೆ 2013ರ ಜುಲೈನಲ್ಲಿ ಅನ್ನಭಾಗ್ಯದಿಂದ ಕಿಲೋಗೆ ಒಂದು ರೂಪಾಯಿಗೆ ಇಳಿಯಿತು. ಹಸಿದವರಿಗೆ ಅಕ್ಕಿ ಸಿಕ್ಕದ್ದು ತಪ್ಪೆಂದು ನಾನು ಎಂದೂ ಹೇಳಲಾರೆ. ಕೊಡುವ ಧಾನ್ಯ ಇಲ್ಲಿಯ ಹೊಲದ್ದಾಗಬಹುದಿತ್ತು ಎಂಬುದಷ್ಟೇ ನನ್ನ ತಕರಾರು. ಟ್ರ್ಯಾಕ್ಟರಿನ ಕೂರಿಗಿ ಬಂದಾಗ ಪೆಟ್ಟಿಗೆಯಲ್ಲಿ ಒಂದೇ ಬೀಜ ತುಂಬಿತು. ಹಿಂದೆ ನಡೆಯುವವಳು ಇಲ್ಲವಾದಳು, ಅವಳ ಉಡಿಯ ಕಾಳೂ ಇಲ್ಲವಾಯಿತು. ಕೆಲವು ಮನೆಗಳು ತೊಗರಿಯ ನಡುವೆ ಹೆಸರು, ಉದ್ದು ಬಿತ್ತುವುದನ್ನು ಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಆದರೆ ಹೆಸರೂ ದ್ವಿದಳ, ತೊಗರಿಯೂ ದ್ವಿದಳ. ಹುಲ್ಲಿನ ಜಾತಿಯ ಜೋಳ ಮಣ್ಣಿಗೆ ಮಾಡುತ್ತಿದ್ದ ಕೆಲಸ ಹೆಸರಿನಿಂದ ಆಗುವಂಥದ್ದಲ್ಲ.

1997ರ ಕೀಡಿ ಬಂದದ್ದು ಇಂಥ ಹೊಲಗಳಿಗೆ. ಹಸಿರು ಕೀಡಿಗೆ ಹತ್ತಿ, ತೊಗರಿ, ಕಡಲೆ ಮೂರೂ ಊಟ. ಮೂರೂ ಒತ್ತಾಗಿ, ಒಂದರ ಮಗ್ಗುಲಿಗೆ ಒಂದು ಹಬ್ಬಿ ನಿಂತ ಸೀಮೆಯಲ್ಲಿ ಅದಕ್ಕೆ ಆಷಾಢದಿಂದ ಮಾಘದವರೆಗೂ ಊಟಕ್ಕೆ ಕೊರತೆಯಿಲ್ಲ. ಅದನ್ನು ತಿನ್ನುವ ಜೇಡ, ಕಣಜ, ಹಕ್ಕಿಗಳು ಮಾತ್ರ ಎಣ್ಣಿಗೆ ಮೊದಲು ಸತ್ತವು. ಆ ಸೋಲಿನ ನಂತರ ಇಕ್ರಿಸ್ಯಾಟ್ ಮತ್ತು ಕೃಷಿ ಇಲಾಖೆಯವರು ಹಳ್ಳಿಗಳಿಗೆ ತಂದ ಉಪಾಯ ಹಳೆಯದೇ ಆಗಿತ್ತು: ಗಿಡದ ಬುಡಕ್ಕೆ ಚಾದರ ಹಿಡಿದು ಗಿಡ ಬಗ್ಗಿಸಿ ಅಲುಗಿಸುವುದು. ಉದುರಿದ ಕೀಡಿಯನ್ನು ಒಟ್ಟು ಮಾಡಿ ಕೋಳಿಗೆ ಹಾಕುವುದು, ಇಲ್ಲವೆ ಅದೇ ಕೀಡಿಗೆ ತಗಲುವ ಎನ್‌ಪಿವಿ ಎಂಬ ವೈರಸ್ಸನ್ನು ತಯಾರಿಸಲು ಬಳಸುವುದು. ಬೇವಿನ ಬೀಜದ ಕಷಾಯವೂ ಮತ್ತೆ ಬಂತು. ಕೃಷಿ ವಿಶ್ವವಿದ್ಯಾಲಯದ ಶಿಫಾರಸುಗಳಲ್ಲಿ ಇನ್ನೂ ಒಂದು ಸಾಲು ಸೇರಿತು: ತೊಗರಿ ಬೀಜದ ಜೊತೆ ಎಕರೆಗೆ ಸ್ವಲ್ಪ ಜೋಳ ಬೆರೆಸಿ ಬಿತ್ತಿರಿ, ಎದ್ದ ತೆನೆಯ ಮೇಲೆ ಹಕ್ಕಿ ಕೂತು ಕೀಡಿ ತಿನ್ನಲಿ. ಸಾಲು ಸಾಲಾಗಿ ಹೊಲ ತುಂಬಿದ್ದ ಜೋಳ ಹಕ್ಕಿ ಕೂರುವ ಕೋಲಾಗಿ ಹೊಲಕ್ಕೆ ಮರಳಿತು.

ಆದರೂ ಹೊಲಗಳು ಒಂದೇ ಬೆಳೆಯ ಕಡೆಗೇ ವಾಲಿದವು, ಏಕೆಂದರೆ ಪ್ಯಾಟಿ ಹಾಗೆ ವಾಲಿತ್ತು. ಕಲಬುರಗಿಯಲ್ಲಿ ನೂರಾರು ದಾಲ್ ಮಿಲ್ಲುಗಳು ಎದ್ದವು. 2002ರಲ್ಲಿ ತೊಗರಿ ಅಭಿವೃದ್ಧಿ ಮಂಡಳಿ ಹುಟ್ಟಿತು. ಅದೇ ವರ್ಷ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಸೋಯಾ ಬಂತು, ಕಳೆನಾಶಕ ಬಂತು. ಬದುವಿನ ರಾಜಗಿರಿ, ಗೋಣಿ ಪಲ್ಲೆಗಳು ಈಗ ಕಳೆಯ ಪಟ್ಟಿಗೆ ಸೇರಿದವು. 2015ರಲ್ಲಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ದೇಶವೆಲ್ಲ ತೊಗರಿ ಬಿತ್ತಿತು. 2016-17ರಲ್ಲಿ ಬೆಳೆ ಉಕ್ಕಿ ಬಂದು, ಹೊರದೇಶದ ತೊಗರಿಯೂ ಬಂದಿಳಿದು, ಪ್ಯಾಟಿಯ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಚೀಲ ಇಟ್ಟುಕೊಂಡು ರೈತರು ದಿನಗಟ್ಟಲೆ ಕಾದರು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2022ರಲ್ಲಿ ಅತಿಮಳೆಯ ಬೆನ್ನಿಗೆ ನೆಟೆ ಮತ್ತು ಬೇರುಕೊಳೆ ಜಿಲ್ಲೆಯನ್ನು ಮತ್ತೆ ಹಿಡಿದವು, ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಹೊಲ ಬದಲಿಸದೆ, ಜೊತೆ ಬೆಳೆ ಇಲ್ಲದೆ ವರ್ಷವೂ ತೊಗರಿಯನ್ನೇ ಬಿತ್ತಿದ ಮಣ್ಣಿನಲ್ಲಿ ಆ ಶಿಲೀಂಧ್ರ ಹೆಚ್ಚುತ್ತ ಹೋಗುತ್ತದೆ ಎಂಬುದು 1985ರಿಂದ ಗೊತ್ತಿದ್ದ ಸಂಗತಿ.

ಇದರ ನಡುವೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಸುದ್ದಿ 2021ರ ಡಿಸೆಂಬರಿನದು. ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡಲು ಸರ್ಕಾರ ಹೊರಟಿತು. ಮೊದಲು ಆಯ್ದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ, ಯಾದಗಿರಿ ಇದ್ದವು. ಮೊಟ್ಟೆ ಕೊಟ್ಟದ್ದು ಒಳ್ಳೆಯದಾಯಿತು. ಆದರೆ ದೇಶದ ಸಾರಿಗೆ ಬೇಳೆ ಕೊಡುವ ಮೂರೂ ಜಿಲ್ಲೆಗಳ ಮಕ್ಕಳಿಗೇ ಪ್ರೊಟೀನು ಸಾಲದೆ ಹೋಯಿತಲ್ಲ! ತೊಗರಿ ಚೀಲದಲ್ಲಿ ಹೊರಗೆ ಹೋಗುತ್ತದೆ, ಅದರ ದುಡ್ಡು ಸಾಲಕ್ಕೆ ಹೋಗುತ್ತದೆ. ಹಿತ್ತಲಲ್ಲಿ ಬದನಿ ಇಲ್ಲ, ಬದುವಿನಲ್ಲಿ ಪಲ್ಲೆ ಇಲ್ಲ. ತಟ್ಟೆಯಲ್ಲಿ ಅನ್ನ, ನೀರು ಸಾರು.

ದಾರಿ ಬೇರೆಯಿತ್ತೇ? ಚಿಂಚೋಳಿಯ ಗಡಿ ದಾಟಿ ಝಹೀರಾಬಾದ ಸೀಮೆಗೆ ಹೋದರೆ ಇತ್ತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. 1956ರವರೆಗೆ ಅದು ಬೀದರ ಜಿಲ್ಲೆಯದೇ ಭಾಗ. ಗಡಿಯ ಊರುಗಳಲ್ಲಿ ಕನ್ನಡ, ತೆಲುಗು, ದಖ್ಖನಿ ಕಲೆತ ಮಾತು. ಅಲ್ಲಿಯ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, ದೂರದರ್ಶನದ ಕೆಲಸ ಬಿಟ್ಟು ಬಂದವರು. ಅವರು ಜೊತೆಗೂಡಿದ್ದು ದಲಿತ ಹೆಂಗಸರ ಸಂಘಗಳ ಜೊತೆ. ಹೊಲದ ಒಡತಿಯರಾಗಿರದ ಅದೇ ಹೆಂಗಸರು. ಅವರಿಗೆ ಸರ್ಕಾರ ಹಂಚಿದ್ದ ಭೂಮಿ ಕಲ್ಲುಮೊರಡಿಯಾಗಿತ್ತು. ಆ ಪಡ ಭೂಮಿಯನ್ನು ಸಂಘಗಳು ಬದು ಹಾಕಿ, ಗೊಬ್ಬರ ಹೊತ್ತು ಹೊಲ ಮಾಡಿದವು. ಬಿತ್ತಿದ್ದು ಹಳದಿ ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಮಡಕಿ, ಪುಂಡಿ, ಎಳ್ಳು, ಎಲ್ಲ ಒಂದೇ ಹೊಲದಲ್ಲಿ.

1990ರ ದಶಕದಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಪಡ ಬಿದ್ದ ಭೂಮಿಗೆ ಜೋಳ ಬಿತ್ತಲು ರೈತರಿಗೆ ಮುಂಗಡ ಕೊಟ್ಟು, ಅದನ್ನು ಕಾಳಿನಲ್ಲೇ ಮರಳಿ ಪಡೆದು, ಊರಲ್ಲೇ ಕೂಡಿಟ್ಟು ಊರಿನ ಬಡವರಿಗೆ ಅಗ್ಗದ ಬೆಲೆಗೆ ಹಂಚುವ ರೇಷನ್ ಪದ್ಧತಿ ಅದು. ಯಾರು ಬಡವರು ಎಂದು ಗುರುತಿಸಿದವರು ಊರ ಹೆಂಗಸರೇ. ಇಲ್ಲಿಯ ಹೊಲದ ಕಾಳನ್ನೇ ರೇಷನ್ನಿಗೆ ಕೊಡಬಹುದಿತ್ತು ಎಂಬ ನನ್ನ ತಕರಾರಿಗೆ ಆಧಾರ ಇದೇ. ಬೀಜವನ್ನು ಬೂದಿ, ಬೇವಿನ ಸೊಪ್ಪಿನ ಜೊತೆ ಸಗಣಿ ಸಾರಿಸಿದ ಬುಟ್ಟಿಯಲ್ಲಿ ಇಡುವ ಊರ ಬೀಜ ಭಂಡಾರಗಳಾದವು. ಒಯ್ದ ಬೀಜಕ್ಕೆ ಮುಂದಿನ ವರ್ಷ ಹೆಚ್ಚುವರಿ ಬೀಜವೇ ಬಡ್ಡಿ. ಪ್ರತಿ ಸಂಕ್ರಾಂತಿಗೆ ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಬೀಜ ಹೊತ್ತು ಊರೂರು ತಿರುಗುವ ಜಾತ್ರೆ ಅಲ್ಲಿ ರೂಢಿಯಾಯಿತು. 2008ರಲ್ಲಿ ಮಾಚನೂರಿನಲ್ಲಿ ಆ ಹೆಂಗಸರೇ ನಡೆಸುವ ಸಂಘಂ ರೇಡಿಯೋ ಸುರುವಾಯಿತು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು, ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಅದೇ ವರ್ಷ. ಕಾಡುಧಾನ್ಯವೆಂದು ಜರೆಸಿಕೊಂಡ ಕಾಳುಗಳಿಗೆ ಮಾನ ಬರುವುದನ್ನು ಅವರು ಕಣ್ಣಾರೆ ನೋಡಿದರು ಎಂಬುದು ನನಗೆ ಸಮಾಧಾನ.

ಅಲ್ಲಿ ಆದದ್ದು ಇಲ್ಲಿ ಹಾಗೇ ಆಗಬೇಕೆಂದಿಲ್ಲ. ಅಲ್ಲಿಯದು ತೆಳು ಕೆಂಪು ಭೂಮಿ, ಸಣ್ಣ ಹಿಡುವಳಿ, ನಾಲ್ಕು ದಶಕದ ಸಂಘದ ದುಡಿಮೆ. ಇಲ್ಲಿಯದು ಕರಿ ಭೂಮಿ, ಕಟ್ಟಿದ ಪ್ಯಾಟಿ, ತಲೆಯ ಮೇಲೆ ಬೆಳೆಸಾಲ. ಆದರೆ ಒಂದು ಪಾಠ ನೇರವಾಗಿದೆ: ಅಕ್ಕಡಿ ಮತ್ತು ಹಿತ್ತಲು ಉಳಿದದ್ದು ಬೀಜವೂ ಕಾಳಿನ ಹಂಚಿಕೆಯೂ ಹೆಂಗಸರ ಕೈಗೆ ಬಂದಲ್ಲಿ. ಕಲಬುರಗಿ ಜಿಲ್ಲೆಯಲ್ಲಿ ಈಗ ಅಂಗನವಾಡಿಗಳ ಅಂಗಳಕ್ಕೆ ಪೌಷ್ಟಿಕ ತೋಟ ಬಂದಿದೆ, ನರೇಗಾದಲ್ಲೂ ಕೈತೋಟಕ್ಕೆ ಅವಕಾಶ ಸಿಕ್ಕಿತ್ತು. ಮಾರ್ಚ್ ಬಂದರೆ ಬೋರವೆಲ್ ಬತ್ತುವ ಊರುಗಳಲ್ಲಿ ಇಂಥ ತೋಟಕ್ಕೆ ಮೊದಲು ಬೇಕಾದದ್ದು ಬಚ್ಚಲ ನೀರು ತಿರುಗಿಸುವ ಕಾಲುವೆ, ಕುಂಬಳದ, ಹೀರಿಯ, ಚವಳಿಯ ಊರ ಬೀಜ. ಅವು ಇಂದಿಗೂ ಇರುವುದು ಅಜ್ಜಿಯರ ಗಡಿಗೆಗಳಲ್ಲಿ. ಪೊಟ್ಟಣದ ಬೀಜ ಹಂಚುವ ಮೊದಲು ಇಲಾಖೆಯವರು ಆ ಗಡಿಗೆಗಳನ್ನು ಕೇಳಬೇಕು.

ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಹೆಂಗಸರಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳ, ಸಜ್ಜೆಯ ರೊಟ್ಟಿಗಳನ್ನು ದೂರದ ಊರುಗಳಿಗೆ ಮಾರುವ ಏರ್ಪಾಡು ಮಾಡಿದೆ. ರೊಟ್ಟಿ ಬಡಿಯುವ ಕೈಗೆ ಬೆಲೆ ಬಂದಿದೆ. ಆ ರೊಟ್ಟಿಯ ಹಿಟ್ಟು ಮುಂಗಾರಿ ಜೋಳದ್ದೂ ಆಗಬಹುದು, ತೊಗರಿ ಸಾಲಿನ ನಡುವಿನ ಸಜ್ಜೆಯದೂ ಆಗಬಹುದು. ತೊಗರಿ ಖರೀದಿ ಕೇಂದ್ರ ತೆರೆಯುವ ಚಿತ್ತಾಪುರ, ಕಾಳಗಿ, ಸೇಡಂನಲ್ಲೇ ಅವನ್ನೂ ಖಾತ್ರಿ ಬೆಲೆಗೆ ಕೊಂಡು ಇದೇ ಸಂಘಗಳಿಗೆ ಕೊಟ್ಟರೆ, ಬಿತ್ತುವವನಿಗೆ ಎರಡನೆಯ ಸಾಲು ಹಾಕಲು ಒಂದು ಗಟ್ಟಿ ಕಾರಣ ಸಿಗುತ್ತದೆ. ಬರುವ ಮಿರಗಕ್ಕೆ ಮೊದಲು ಹತ್ತು ಊರುಗಳಲ್ಲಿ ಇದನ್ನು ಮಾಡಿ ನೋಡಲು ಹೊಸ ಕಾನೂನು ಬೇಕಿಲ್ಲ.